ಸ್ಥಾಪಕರು ಕುರ್ಚಿ ಬಿಡುವಾಗ: ಸಣ್ಣ ಸ್ವಯಂಸೇವಾ ಸಂಸ್ಥೆಗಳಿಗೆ ಹಸ್ತಾಂತರದ ಮಾರ್ಗದರ್ಶಿ

1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಾಡಿನಲ್ಲಿ ಸ್ವಯಂಸೇವಾ ಸಂಸ್ಥೆಗಳು ಒಂದರ ಹಿಂದೆ ಒಂದು ಹುಟ್ಟಿದವು. ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ. ಕೋಟೆಯ ಕಾಡಂಚಿಗೆ ಹೋಯಿತು. ಯಳಂದೂರಿನಲ್ಲಿ ಕುಷ್ಠರೋಗದ ಕೆಲಸಕ್ಕೆಂದು 1986ರಲ್ಲಿ ಕರುಣಾ ಟ್ರಸ್ಟ್ ಶುರುವಾಯಿತು. ಇವು ಹೆಸರು ಮಾಡಿದವು. ಹೆಸರು ಮಾಡದೆ ಒಂದೆರಡು ತಾಲ್ಲೂಕಿನಲ್ಲೇ ದುಡಿದವು ಇನ್ನೆಷ್ಟೋ ಇವೆ. ಆಗ ಇಪ್ಪತ್ತೈದು, ಮೂವತ್ತರ ಹರೆಯದಲ್ಲಿದ್ದ ಸ್ಥಾಪಕರು ಈಗ ಅರವತ್ತೈದು ದಾಟಿದ್ದಾರೆ. ಮಂಡಿ ನೋವು, ಸಕ್ಕರೆ ಕಾಯಿಲೆ, ಜೊತೆಗೆ ಪೋರ್ಟಲ್‌ಗಳ ಕಾಟ. ಬಿಡಬೇಕು ಅನ್ನಿಸುತ್ತದೆ, ಬಿಡಲು ಆಗುವುದಿಲ್ಲ.

ಕೊನೆಗೊಂದು ದಿನ ಬೀಳ್ಕೊಡುಗೆ ನಡೆಯುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ನಾಲ್ಕು ಜನರ ಕಣ್ಣೀರು. ಮಾರನೇ ದಿನ ಹೊಸಬರು ಕುರ್ಚಿಯಲ್ಲಿ ಕೂತು ಆದಾಯ ತೆರಿಗೆಯ ಪೋರ್ಟಲ್ ತೆರೆದರೆ ಓಟಿಪಿ ಹೋಗುವುದು ಹಳಬರ ಫೋನಿಗೆ. ಚೆಕ್ಕಿಗೆ ಅವರದೇ ಸಹಿ. ದಾನಿಗಳು ಕರೆ ಮಾಡುವುದೂ ಅವರಿಗೇ. ಅತ್ತೆ ಸೊಸೆಗೆ ಮನೆ ಒಪ್ಪಿಸಿ, ಉಪ್ಪಿನಕಾಯಿ ಭರಣಿಯನ್ನು ಮಾತ್ರ ತನ್ನ ಕೋಣೆಯಲ್ಲಿ ಇಟ್ಟುಕೊಂಡ ಹಾಗೆ.

ನನ್ನ ಪ್ರಕಾರ ಹಸ್ತಾಂತರ ಅಂದರೆ ನಾಲ್ಕೇ ನಾಲ್ಕು ವಸ್ತುಗಳು ಕೈ ಬದಲಾಗುವುದು: ಸಹಿ, ಫೋನು, ಸಂಬಂಧಗಳು, ಮತ್ತು "ಇಲ್ಲ, ಆಗಲ್ಲ" ಎನ್ನುವ ಅಧಿಕಾರ. ಮೊದಲ ಎರಡು ಕಾಗದದ ಕೆಲಸ. ಬೇಸರದ್ದು, ಆದರೆ ಮುಗಿಯುತ್ತದೆ. ಕೊನೆಯ ಎರಡೇ ಕಷ್ಟ. ಹತ್ತರಿಂದ ನಲವತ್ತು ಜನ ಸಿಬ್ಬಂದಿ ಇರುವ ಸಂಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹೆಜ್ಜೆ 1: ಸ್ಥಾಪಕರ ಹೊಟ್ಟೆಪಾಡಿನ ಮಾತು ಮೊದಲು ಆಡಿ

ಸ್ಥಾಪಕರು ಕುರ್ಚಿಗೆ ಅಂಟಿಕೊಂಡಿದ್ದಾರೆ ಎಂದು ಸಿಬ್ಬಂದಿ ಗುಸುಗುಸು ಮಾತಾಡುತ್ತಾರೆ. ಅಧಿಕಾರದ ಆಸೆ ಅನ್ನುತ್ತಾರೆ. ಕೆಲವರ ವಿಷಯದಲ್ಲಿ ಅದು ನಿಜವೂ ಇರಬಹುದು. ಆದರೆ ಬಹಳ ಕಡೆ ಕಾರಣ ಬೇರೆ, ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮೂವತ್ತು ವರ್ಷ ಕೈಗೆ ಬಂದಷ್ಟು ಗೌರವಧನ ತೆಗೆದುಕೊಂಡವರಿಗೆ ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಓಡಾಡುವ ಜೀಪು ಸಂಸ್ಥೆಯದು. ಇರುವ ಮನೆ ಕ್ಯಾಂಪಸ್ಸಿನ ಒಳಗೆ. ಆರೋಗ್ಯ ವಿಮೆ ಕೂಡ ಸಂಸ್ಥೆಯ ಗುಂಪು ಪಾಲಿಸಿಯಲ್ಲಿ. ಕುರ್ಚಿ ಬಿಟ್ಟರೆ ಇವೆಲ್ಲ ಹೋಗುತ್ತವೆ. ಹೀಗಿರುವಾಗ ಯಾರು ತಾನೇ ಖುಷಿಯಿಂದ ಎದ್ದು ಹೋಗುತ್ತಾರೆ?

ಆದ್ದರಿಂದ ಹೊಸಬರ ಹುಡುಕಾಟಕ್ಕೂ ಮೊದಲು ಆಡಳಿತ ಮಂಡಳಿಯ ಇಬ್ಬರು ಹಿರಿಯರು ಸ್ಥಾಪಕರ ಜೊತೆ ಕೂತು ನೇರವಾಗಿ ಕೇಳಬೇಕು. ಮುಂದೆ ಎಲ್ಲಿರುತ್ತೀರಿ? ತಿಂಗಳ ಖರ್ಚಿಗೆ ಏನಿದೆ? ಔಷಧಿಗೆ ಎಷ್ಟಾಗುತ್ತದೆ? ಕೇಳಲು ಮುಜುಗರವಾಗುತ್ತದೆ. ಆದರೂ ಕೇಳಿ.

ಅವರು ಸಂಬಳದ ಪಟ್ಟಿಯಲ್ಲಿ ನೌಕರರಾಗಿಯೇ ಇದ್ದರೆ ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಕೊಡುವ ಹಣ, ಲೆಕ್ಕ ಹಾಕಿಸಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ ಅದು ಕಾನೂನಿನ ಬಾಕಿ. ಉಪಕಾರ ಮಾಡುತ್ತಿದ್ದೇವೆ ಎಂದುಕೊಳ್ಳಬೇಡಿ. ಮುಂದೆ ಸಲಹೆಗಾರರಾಗಿ ಒಂದಿಷ್ಟು ಹಣ ಕೊಡುವುದಾದರೆ ಮೂರು ಸಂಗತಿ ಬರೆದಿಡಿ: ಯಾವ ಕೆಲಸಕ್ಕೆ, ಎಷ್ಟು ದಿನಕ್ಕೆ, ಎಷ್ಟು ಹಣ. ಸ್ಥಾಪಕರಿಗೆ, ಟ್ರಸ್ಟಿಗಳಿಗೆ, ಅವರ ಮನೆಯವರಿಗೆ ಕೆಲಸಕ್ಕೆ ಮೀರಿದ ಹಣ ಕೊಟ್ಟರೆ ಆದಾಯ ತೆರಿಗೆಯ ವಿನಾಯಿತಿಗೇ ಕುತ್ತು ಬರುತ್ತದೆ. ಮೊತ್ತ ನಿಗದಿ ಮಾಡುವ ಮೊದಲು ಆಡಿಟರ್ ಹತ್ತಿರ ಮಾತಾಡಿ.

ಇದಾದ ಮೇಲೆ ಒಂದು ದಿನಾಂಕ ಗೊತ್ತು ಮಾಡಿ. "ಒಂದೆರಡು ವರ್ಷದಲ್ಲಿ ನೋಡೋಣ" ಎನ್ನುವುದು ದಿನಾಂಕವಲ್ಲ. ಮಾರ್ಚ್ 31 ಎಂದು ಇಟ್ಟುಕೊಂಡರೆ ಲೆಕ್ಕಪತ್ರಕ್ಕೂ ಅನುಕೂಲ. ಅದಕ್ಕೆ ಹಿಂದಿನ ಏಪ್ರಿಲ್‌ನಲ್ಲೇ ಕೆಲಸ ಶುರುವಾಗಲಿ.

ಹೆಜ್ಜೆ 2: ಹಳೇ ಕಾಗದ ತೆಗೆದು ಓದಿ

ಟ್ರಸ್ಟ್ ಡೀಡ್ ಅಥವಾ ಸಂಘದ ಬೈಲಾವನ್ನು ನೋಂದಣಿಯ ದಿನದ ನಂತರ ಯಾರೂ ಓದಿರುವುದಿಲ್ಲ. ಈಗ ಇಡೀ ಮಂಡಳಿ ಕೂತು ಗಟ್ಟಿಯಾಗಿ ಓದಲಿ.

ಟ್ರಸ್ಟ್ ಆಗಿದ್ದರೆ "ಜೀವಿತಾವಧಿಯ ಮ್ಯಾನೇಜಿಂಗ್ ಟ್ರಸ್ಟಿ" ಎಂಬ ಸಾಲು ಇದೆಯೇ ನೋಡಿ. ಹಳೇ ಡೀಡುಗಳಲ್ಲಿ ಇದು ಸಾಮಾನ್ಯ. ರಾಜೀನಾಮೆ ಕೊಡುವುದು ಹೇಗೆ, ಹೊಸ ಟ್ರಸ್ಟಿಯನ್ನು ಯಾರು ನೇಮಿಸಬೇಕು ಎಂದು ಬರೆದಿದ್ದರೆ ಹಾಗೇ ಮಾಡಿ. ಏನೂ ಬರೆದಿಲ್ಲದಿದ್ದರೆ ವಕೀಲರನ್ನು ಕಾಣಲೇಬೇಕು. ಕೆಲವು ಸಲ ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ. ಸುಮ್ನೆ ಒಂದು ಬಿಳಿ ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದರೆ ಮುಗಿಯಿತು ಎಂದುಕೊಳ್ಳಬೇಡಿ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿಸಿದ ಸಂಘವಾಗಿದ್ದರೆ ತೊಂದರೆ ಬೇರೆ ತರಹದ್ದು. ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಗೆ ಕೊಡಬೇಕು. ಎಷ್ಟೋ ಸಂಘಗಳು ವರ್ಷಗಟ್ಟಲೆ ಇದನ್ನು ಮಾಡಿರುವುದಿಲ್ಲ. ಹೊಸ ಪದಾಧಿಕಾರಿಗಳ ಪಟ್ಟಿ ಹಿಡಿದು ಹೋದಾಗ ಹಳೇ ಬಾಕಿ ಎಲ್ಲ ಎದುರಿಗೆ ಬರುತ್ತದೆ. ದಂಡ ಕಟ್ಟಿ ಅದನ್ನು ಮೊದಲು ಸರಿಮಾಡಿಕೊಳ್ಳಿ. ನಡವಳಿ ಪುಸ್ತಕ ಸರಿಯಾಗಿಲ್ಲದಿದ್ದರೆ ಹಿಂದಿನ ತಾರೀಖು ಹಾಕಿ ಬರೆಯುವ ಆಸೆ ಬರುತ್ತದೆ. ಆ ಕೆಲಸಕ್ಕೆ ಕೈ ಹಾಕಬೇಡಿ. ಮುಂದೆ ಜಗಳವಾದರೆ ಹೊಸಬರ ಕುತ್ತಿಗೆಗೆ ಬರುತ್ತದೆ.

ಜಮೀನು ಮತ್ತು ವಾಹನ ಯಾರ ಹೆಸರಿನಲ್ಲಿವೆ ಎಂದೂ ಈಗಲೇ ನೋಡಿ. ಸಂಸ್ಥೆಯ ದುಡ್ಡಿನಲ್ಲಿ ಕೊಂಡ ಜಾಗ ಸ್ಥಾಪಕರ ಸ್ವಂತ ಹೆಸರಿನಲ್ಲಿ ಇರುವುದು ಅಪರೂಪವೇನಲ್ಲ. ಅವರಿಗೆ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೆ ಅವರ ಮಕ್ಕಳು, ಅಳಿಯಂದಿರು ನಾಳೆ ಏನು ಹೇಳುತ್ತಾರೋ ಯಾರಿಗೆ ಗೊತ್ತು? ಸ್ಥಾಪಕರು ಗಟ್ಟಿಯಾಗಿರುವಾಗಲೇ ವರ್ಗಾವಣೆ ಮುಗಿಸಿ.

ಹೆಜ್ಜೆ 3: ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ

ಸ್ಥಾಪಕರು ಒಂದು ತಿಂಗಳು ಡೈರಿ ಬರೆಯಲಿ. ಯಾರಿಗೆ ಕರೆ ಮಾಡಿದೆ, ಯಾವುದಕ್ಕೆ ಹೂಂ ಅಂದೆ, ಯಾವುದನ್ನು ತಡೆದೆ, ಯಾರ ಜಗಳ ಬಿಡಿಸಿದೆ. ತಿಂಗಳ ಕೊನೆಗೆ ಓದಿದರೆ ಅವರಿಗೇ ಆಶ್ಚರ್ಯವಾಗುತ್ತದೆ. ಹುದ್ದೆಯ ವಿವರಣೆಯಲ್ಲಿ ಇಲ್ಲದ ಕೆಲಸವೇ ಜಾಸ್ತಿ ಇರುತ್ತದೆ. ಬಿಇಒ ಕಚೇರಿಯಲ್ಲಿ ಯಾವ ಗುಮಾಸ್ತರನ್ನು ಕಂಡರೆ ಕಡತ ಸಿಗುತ್ತದೆ, ಯಾವ ಊರಿನಲ್ಲಿ ಯಾರ ಮನೆಗೆ ಮೊದಲು ಹೋಗದಿದ್ದರೆ ಸಭೆಗೆ ಜನ ಬರುವುದಿಲ್ಲ, ಅಡುಗೆಯವರ ಮಗಳ ಫೀಸಿಗೆ ಪ್ರತಿ ಜೂನ್‌ನಲ್ಲಿ ಮುಂಗಡ ಕೊಡುವ ರೂಢಿ. ಇವೆಲ್ಲ ಯಾವ ಕಡತದಲ್ಲೂ ಇರುವುದಿಲ್ಲ.

ಈ ಡೈರಿಯಿಂದ ಎರಡು ಪಟ್ಟಿ ತಯಾರಿಸಿ. ಒಂದು, ಜನರ ಪಟ್ಟಿ: ಯಾರು, ಅವರೊಂದಿಗೆ ಸಂಸ್ಥೆಯ ಸಂಬಂಧ ಏನು, ಹೊಸಬರನ್ನು ಅವರಿಗೆ ಯಾರು ಪರಿಚಯಿಸಬೇಕು. ಇನ್ನೊಂದು, ತೀರ್ಮಾನಗಳ ಪಟ್ಟಿ. ಎಷ್ಟು ರೂಪಾಯಿವರೆಗೆ ಕೋ-ಆರ್ಡಿನೇಟರ್ ಖರ್ಚು ಮಾಡಬಹುದು, ಎಷ್ಟು ದಾಟಿದರೆ ಮುಖ್ಯಸ್ಥರ ಸಹಿ ಬೇಕು, ಯಾವುದು ಮಂಡಳಿಗೆ ಹೋಗಬೇಕು. ರಜೆ ಯಾರು ಕೊಡುತ್ತಾರೆ? ಕೆಲಸದಿಂದ ತೆಗೆಯುವುದು ಯಾರು? ಇಷ್ಟು ದಿನ ಎಲ್ಲದಕ್ಕೂ ಉತ್ತರ "ಸರ್ ಹತ್ರ ಕೇಳು" ಎಂದಿತ್ತು, ಅಲ್ವಾ? ಇನ್ನು ಮುಂದೆ ಉತ್ತರ ಕಾಗದದಲ್ಲಿ ಇರಬೇಕು.

ಹೆಜ್ಜೆ 4: ಆಯ್ಕೆ

ಹಿತ್ತಲ ಗಿಡ ಮದ್ದಲ್ಲ ಎನ್ನುವ ರೋಗ ಮಂಡಳಿಗಳಿಗೆ ಬೇಗ ತಗುಲುತ್ತದೆ. ಹದಿನೈದು ವರ್ಷ ಹಳ್ಳಿ ಸುತ್ತಿದ ಕೋ-ಆರ್ಡಿನೇಟರ್ ಕಣ್ಣೆದುರೇ ಇದ್ದರೂ ಬೆಂಗಳೂರಿನಿಂದ ಇಂಗ್ಲಿಷ್ ಬಲ್ಲವರನ್ನು ತರಬೇಕು ಅನ್ನಿಸುತ್ತದೆ. ದಾನಿಗಳಿಗೆ ಯೋಜನೆಯ ಪ್ರಸ್ತಾವನೆ ಬರೆಯಲು ಬರುವುದಿಲ್ಲ ಎಂಬುದಷ್ಟೇ ಒಳಗಿನವರ ಕೊರತೆಯಾದರೆ, ಬರೆಯುವವರನ್ನು ಬೇರೆಯಾಗಿ ನೇಮಿಸಿಕೊಳ್ಳಬಹುದು. ಊರಿನ ನಂಬಿಕೆಯನ್ನು ಹಾಗೆ ಸಂಬಳಕ್ಕೆ ತರಲು ಆಗುವುದಿಲ್ಲ. ಆದರೆ ಒಳಗಿನವರಲ್ಲಿ ಯಾರೂ ಸ್ಥಾಪಕರ ಮಾತಿಗೆ ಒಂದು ಸಲವೂ ಎದುರು ಹೇಳಿದವರಿಲ್ಲ ಎಂದಾದರೆ ಹೊರಗಿನವರನ್ನು ನೋಡುವುದೇ ಸರಿ.

ಮಗ ಅಥವಾ ಮಗಳ ಹೆಸರು ಬಂದರೆ? ಅವರು ನಿಜವಾಗಿಯೂ ಕ್ಷೇತ್ರದಲ್ಲಿ ದುಡಿದವರಾಗಿರಬಹುದು. ಹಾಗಿದ್ದರೆ ಬೇರೆ ಅಭ್ಯರ್ಥಿಗಳ ಜೊತೆಗೇ ಸಂದರ್ಶನಕ್ಕೆ ಬರಲಿ. ಆ ಕೋಣೆಯಲ್ಲಿ ಸ್ಥಾಪಕರು ಇರಬಾರದು.

ಸಂಬಳದ ಪ್ರಶ್ನೆಯನ್ನು ಮುಂದೂಡಬೇಡಿ. ಸ್ಥಾಪಕರು ತ್ಯಾಗದ ಲೆಕ್ಕದಲ್ಲಿ ಕಡಿಮೆ ತೆಗೆದುಕೊಂಡಿದ್ದರು. ಅದೇ ಮೊತ್ತಕ್ಕೆ ಇಬ್ಬರು ಮಕ್ಕಳಿರುವ ನಲವತ್ತು ವರ್ಷದವರು ಬರುವುದಿಲ್ಲ, ಬರಬೇಕೆಂದು ಬಯಸುವುದೂ ನ್ಯಾಯವಲ್ಲ. ಆದರೆ ಒಬ್ಬರಿಗೆ ಮಾತ್ರ ಏರಿಸಿದರೆ ಉಳಿದವರು ಮುನಿಸಿಕೊಳ್ಳುತ್ತಾರೆ. ಆದ್ದರಿಂದ ಎಲ್ಲರ ಸಂಬಳದ ಶ್ರೇಣಿಯನ್ನು ಒಟ್ಟಿಗೇ ನೋಡಿ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳಿಗೆ ಇನ್ನೊಂದು ಬೇಲಿ ಇದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಆದ ತಿದ್ದುಪಡಿಯ ನಂತರ ಆ ಹಣದಲ್ಲಿ ಆಡಳಿತ ವೆಚ್ಚಕ್ಕೆ ಶೇ 20ರಷ್ಟು ಮಾತ್ರ ಬಳಸಬಹುದು. ಮೊದಲು ಶೇ 50 ಇತ್ತು. ಮುಖ್ಯಸ್ಥರ ಸಂಬಳಕ್ಕೆ ಬೇರೆ ಮೂಲ ಹುಡುಕಬೇಕಾಗಬಹುದು.

ಕುರ್ಚಿ ಸಿಗದ ಹಿರಿಯ ಸಿಬ್ಬಂದಿಯನ್ನು ಮರೆಯಬೇಡಿ. ಆಯ್ಕೆಯ ಸುದ್ದಿ ಅವರಿಗೆ ವಾಟ್ಸಾಪ್ ಗುಂಪಿನಲ್ಲಿ ತಿಳಿಯಬಾರದು. ಅಧ್ಯಕ್ಷರು ಅವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಕಾರಣ ಹೇಳಬೇಕು.

ಹೆಜ್ಜೆ 5: ಸುದ್ದಿಯನ್ನು ಯಾರಿಗೆ, ಯಾವಾಗ ಹೇಳಬೇಕು

ಹೆಚ್ಚಿನ ಸಂಸ್ಥೆಗಳು ದಾನಿಗಳಿಗೆ ಮೊದಲು ಪತ್ರ ಬರೆಯುತ್ತವೆ, ಸಿಬ್ಬಂದಿಗೆ ಕೊನೆಗೆ ಹೇಳುತ್ತವೆ. ಇದು ಉಲ್ಟಾ ಆಗಬೇಕು. ಒಂದೇ ದಿನ, ಒಂದೇ ಕೋಣೆಯಲ್ಲಿ, ಡ್ರೈವರ್ ಮತ್ತು ಅಡುಗೆಯವರೂ ಸೇರಿ ಎಲ್ಲರಿಗೂ ಸ್ಥಾಪಕರೇ ಹೇಳಲಿ. ಆ ದಿನ ಸಿಬ್ಬಂದಿಯ ತಲೆಯಲ್ಲಿ ಸಂಸ್ಥೆಯ ದೂರದೃಷ್ಟಿ ಓಡುತ್ತಿರುವುದಿಲ್ಲ. ಓಡುವುದು ಒಂದೇ.

"ಸರ್, ನೀವು ಹೋದ್ರೆ ನಮ್ ಕಥೆ ಏನು?"

ಇದಕ್ಕೆ "ಏನೂ ಬದಲಾಗಲ್ಲ, ಧೈರ್ಯವಾಗಿರಿ" ಎಂದು ಉತ್ತರಿಸಬೇಡಿ. ಬದಲಾಗುತ್ತದೆ, ಅದು ಅವರಿಗೂ ಗೊತ್ತು. ಗೊತ್ತಿರುವುದನ್ನಷ್ಟೇ ಹೇಳಿ: "ನೋಡಮ್ಮ, ಮುಂದಿನ ಮಾರ್ಚ್‌ವರೆಗೆ ಎಲ್ಲರ ಸಂಬಳಕ್ಕೆ ಹಣ ಇದೆ. ಶಾಲೆಯ ಪ್ರಾಜೆಕ್ಟ್ ಆಮೇಲೂ ಇರುತ್ತೆ. ನೀರಿನ ಪ್ರಾಜೆಕ್ಟ್ ಮುಂದುವರಿಯುತ್ತೋ ಇಲ್ವೋ ಡಿಸೆಂಬರ್‌ನಲ್ಲಿ ಗೊತ್ತಾಗುತ್ತೆ. ಗೊತ್ತಾದ ವಾರವೇ ನಿಮಗೆ ಹೇಳ್ತೀನಿ." ಇಷ್ಟು ಹೇಳಿದರೆ ಜನ ಕಾಯುತ್ತಾರೆ. ಹೇಳಿದ ವಾರ ನಿಜವಾಗಿಯೂ ಹೇಳಬೇಕು, ಅಷ್ಟೇ.

ಆಮೇಲೆ ಊರುಗಳು. ಸ್ವಸಹಾಯ ಸಂಘಗಳ ಸಭೆಗೆ, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹಳಬರು, ಹೊಸಬರು ಇಬ್ಬರೂ ಒಟ್ಟಿಗೆ ಹೋಗಲಿ. ಮಾತಾಡುವುದು ಹೊಸಬರಾಗಿರಲಿ. ಜನ ಸ್ಥಾಪಕರ ಕಡೆ ನೋಡಿಯೇ ಪ್ರಶ್ನೆ ಕೇಳುತ್ತಾರೆ. ಆಗ ಸ್ಥಾಪಕರು "ಅದನ್ನ ಇನ್ಮುಂದೆ ಇವರೇ ನೋಡ್ಕೊಳ್ತಾರೆ, ಇವರನ್ನೇ ಕೇಳಿ" ಎನ್ನಬೇಕು. ಹೇಳುವುದು ಸುಲಭ, ಬಾಯಿ ಕಟ್ಟಿಕೊಂಡು ಕೂರುವುದು ಕಷ್ಟ. ದಾನಿಗಳಿಗೆ, ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಕೊಡುವ ಕಂಪನಿಗಳಿಗೆ, ತಾಲ್ಲೂಕು ಅಧಿಕಾರಿಗಳಿಗೆ ಅದೇ ವಾರದಲ್ಲಿ ಪತ್ರ ಹೋದರೆ ಸಾಕು. ದೊಡ್ಡ ದಾನಿಗಳಿಗೆ ಮಾತ್ರ ಮುಖತಃ ಹೇಳಿ.

ಹೆಜ್ಜೆ 6: ಸಹಿ ಮತ್ತು ಫೋನು

ಇಲ್ಲಿ ಕ್ರಮ ಮುಖ್ಯ. ಮೊದಲು ಮಂಡಳಿಯ ಠರಾವು. ಯಾರು ಹೋಗುತ್ತಾರೆ, ಯಾರು ಬರುತ್ತಾರೆ, ಯಾವ ಖಾತೆಗೆ ಯಾರ ಜಂಟಿ ಸಹಿ, ಎಲ್ಲವೂ ಹೆಸರು ಹಿಡಿದು ಬರೆದಿರಬೇಕು. ನಂತರ ಬ್ಯಾಂಕು. ಠರಾವಿನ ಪ್ರತಿ, ಹೊಸಬರ ಕೆವೈಸಿ, ಮಾದರಿ ಸಹಿ ಕೊಡಿ. ಹೊಸ ಸಹಿಯಲ್ಲಿ ಒಂದು ಚೆಕ್ ಪಾಸಾಗುವವರೆಗೆ ಹಳೇ ಸಹಿ ತೆಗೆಸಬೇಡಿ. ಈ ಒಂದು ಎಚ್ಚರಿಕೆ ತಪ್ಪಿದರೆ ಆ ತಿಂಗಳ ಸಂಬಳವೇ ನಿಲ್ಲಬಹುದು.

ಆಮೇಲೆ ಪೋರ್ಟಲ್‌ಗಳು. ಆದಾಯ ತೆರಿಗೆ ಇ-ಫೈಲಿಂಗ್, ಟಿಡಿಎಸ್, ಪಿಎಫ್, ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ಎನ್‌ಜಿಒ ದರ್ಪಣ, ಕಂಪನಿಗಳ ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ. ಪ್ರತಿಯೊಂದರಲ್ಲೂ ಯಾರ ಮೊಬೈಲ್, ಯಾರ ಇಮೇಲ್, ಯಾರ ಪ್ಯಾನ್ ಇದೆ ಎಂದು ಬರೆದುಕೊಂಡು ಒಂದೊಂದಾಗಿ ಬದಲಿಸಿ. ಇದೇ ಅವಕಾಶದಲ್ಲಿ ಸಂಸ್ಥೆಯ ಹೆಸರಿನಲ್ಲಿ ಒಂದು ಸಿಮ್ ಮತ್ತು ಒಂದು ಇಮೇಲ್ ಮಾಡಿಸಿ, ಸಂಪರ್ಕಕ್ಕೆ ಅದನ್ನೇ ಕೊಡಿ. ಆಧಾರ್ ಓಟಿಪಿ ಕೇಳುವ ಕಡೆ ಮಾತ್ರ ವ್ಯಕ್ತಿಯ ಫೋನೇ ಬೇಕಾಗುತ್ತದೆ. ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವ್‌ನಂಥ ಡಾಂಗಲ್ ಕೂಡ ವ್ಯಕ್ತಿಯದೇ, ಕುರ್ಚಿಯದಲ್ಲ. ಹಳಬರ ಡಾಂಗಲ್ ಅಕೌಂಟೆಂಟ್ ಡ್ರಾಯರಿನಲ್ಲಿ ಇಟ್ಟುಕೊಂಡು ವರ್ಷವಿಡೀ ಬಳಸುವುದು ಅಪಾಯ. ಹೊಸದು ಮಾಡಿಸಿ.

ಎಫ್‌ಸಿಆರ್‌ಎ ನೋಂದಣಿ ಇದ್ದರೆ ಪದಾಧಿಕಾರಿಗಳ ಬದಲಾವಣೆಯನ್ನು ಎಫ್‌ಸಿ-6ಇ ನಮೂನೆಯಲ್ಲಿ 45 ದಿನದೊಳಗೆ ತಿಳಿಸಬೇಕು. ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೂ ಸಹಿ ಬದಲಾಗಬೇಕು. ಅದು ದೂರದ ಶಾಖೆ, ಆದ್ದರಿಂದ ಬೇಗ ಶುರು ಮಾಡಿ. ಹಸ್ತಾಂತರದ ಜೊತೆಗೆ ಸಂಸ್ಥೆಯ ಮೂಲ ಉದ್ದೇಶವನ್ನೂ ತಿದ್ದುವುದಾದರೆ ಕೆಲಸ ಇನ್ನೂ ಬೆಳೆಯುತ್ತದೆ. ಆದಾಯ ತೆರಿಗೆ ಇಲಾಖೆಗೆ 30 ದಿನದೊಳಗೆ ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ. ಎರಡನ್ನೂ ಒಂದೇ ವರ್ಷ ಮಾಡದಿರುವುದು ಒಳ್ಳೆಯದು.

ಫೇಸ್‌ಬುಕ್ ಪುಟ, ವೆಬ್‌ಸೈಟಿನ ಡೊಮೈನ್, ದಾನಿಗಳ ವಿಳಾಸವಿರುವ ಎಕ್ಸೆಲ್ ಕಡತ ಇವನ್ನೂ ಕೇಳಿ ಪಡೆಯಿರಿ.

ಹೆಜ್ಜೆ 7: ಹೊಸಬರ ಮೊದಲ ವರ್ಷ

ಬಂದ ಮೊದಲ ಮೂರು ತಿಂಗಳು ಹೊಸ ಯೋಜನೆ ಬೇಡ. ಹಳ್ಳಿ ಸುತ್ತಿ, ಕೇಳಿ. ಇದು ಸಂಪ್ರದಾಯಕ್ಕೆ ಹೇಳುವ ಮಾತಲ್ಲ. ಕರ್ನಾಟಕದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಕಥೆ ನೋಡಿ. 1968ರಲ್ಲಿ ಅದು ಹುಟ್ಟಿದ್ದು ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸುವುದಕ್ಕೆ. ಆ ಕೆಲಸ ಮುಗಿದ ಮೇಲೆ ಗ್ರಾಮೀಣ ಬಡವರ ಕಡೆ ತಿರುಗಿತು. 1980ರ ದಶಕದ ಮಧ್ಯದಲ್ಲಿ ಅದು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಸದಸ್ಯರು ತಮಗೆ ನಂಬಿಕೆ ಇದ್ದವರ ಜೊತೆ ಸಣ್ಣ ಸಣ್ಣ ಗುಂಪುಗಳಾಗಿ ಬಂದರು. ಸಾಲ ತೀರಿಸುತ್ತೇವೆ, ಆದರೆ ಆ ದೊಡ್ಡ ಸಂಘಕ್ಕಲ್ಲ ಎಂದರು. ಸಂಸ್ಥೆ ಹಳೆಯದನ್ನೇ ಸರಿಪಡಿಸುತ್ತೇನೆ ಎಂದು ಹಟ ಹಿಡಿಯಲಿಲ್ಲ. ಆ ಗುಂಪುಗಳನ್ನೇ ಬೆಳೆಸಿತು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇದಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ನಬಾರ್ಡ್ ಆರಂಭಿಸಿತು. ಇವತ್ತು ಊರೂರಿನಲ್ಲಿರುವ ಸ್ವಸಹಾಯ ಸಂಘಗಳ ಹಿಂದೆ ಹೀಗೆ ಕೇಳಿಸಿಕೊಂಡ ಮಾತುಗಳಿವೆ.

ನಾಲ್ಕನೇ ತಿಂಗಳಲ್ಲಿ ಒಂದನ್ನು ನಿಲ್ಲಿಸಿ. ಪ್ರತಿ ಸಂಸ್ಥೆಯಲ್ಲೂ ಯಾರಿಗೂ ಬೇಡದ, ಆದರೆ ಸ್ಥಾಪಕರಿಗೆ ಪ್ರೀತಿಯ ಒಂದು ಕೆಲಸ ಇರುತ್ತದೆ. ಯಾರೂ ಓದದ ತ್ರೈಮಾಸಿಕ ಪತ್ರಿಕೆ, ಜನ ಬಾರದ ಹೊಲಿಗೆ ಕೇಂದ್ರ, ಇಂಥದ್ದೇನಾದರೂ. ಅದನ್ನು ಮಂಡಳಿಯ ಮುಂದಿಟ್ಟು, ಲೆಕ್ಕ ತೋರಿಸಿ, ಮುಚ್ಚಿ. ಸಿಬ್ಬಂದಿಯ ಕೈಗೆ ಸಮಯ ಸಿಗುತ್ತದೆ. ತೀರ್ಮಾನ ಈಗ ಯಾರ ಕೈಯಲ್ಲಿದೆ ಎಂಬುದೂ ಎಲ್ಲರಿಗೂ ತಿಳಿಯುತ್ತದೆ. ಸ್ಥಾಪಕರು ಆ ದಿನ ಸುಮ್ಮನಿದ್ದರೆ ಹಸ್ತಾಂತರ ಆಗಿದೆ ಎಂದರ್ಥ.

ಹೆಜ್ಜೆ 8: ಸ್ಥಾಪಕರು ಎಲ್ಲಿ ಕೂರಬೇಕು

ಮಂಡಳಿಯ ಅಧ್ಯಕ್ಷರಾಗಿ ಮಾಡಬೇಡಿ. ಗೌರವ ಕೊಟ್ಟ ಹಾಗೆ ಕಾಣುತ್ತದೆ, ಆದರೆ ಹೊಸಬರು ಅವರಿಗೇ ವರದಿ ಒಪ್ಪಿಸಬೇಕಾಗುತ್ತದೆ. ಆಗ ಬದಲಾದದ್ದು ಹುದ್ದೆಯ ಹೆಸರು ಮಾತ್ರ. ಕನಿಷ್ಠ ಒಂದು ವರ್ಷ ಮಂಡಳಿಯಿಂದಲೂ ದೂರ ಇರಲಿ. ಕಚೇರಿಯಲ್ಲಿ ಅವರ ಕೋಣೆ ಹಾಗೇ ಬೀಗ ಹಾಕಿಕೊಂಡು ಇರುವುದೂ ಬೇಡ.

ಸಿಬ್ಬಂದಿ ಹಳೇ ರೂಢಿಯಲ್ಲಿ ಅವರಿಗೇ ಫೋನ್ ಮಾಡಿ ದೂರು ಹೇಳುತ್ತಾರೆ. ಇದಕ್ಕೊಂದು ನಿಯಮ ಮೊದಲೇ ಮಾಡಿಕೊಳ್ಳಿ: ಸ್ಥಾಪಕರು ಕೇಳಿಸಿಕೊಳ್ಳಬಹುದು, ಆದರೆ "ಇದನ್ನ ಅವರ ಹತ್ರ ಹೇಳಿದ್ಯಾ?" ಎಂಬ ಒಂದೇ ಮಾತು ಹೇಳಬೇಕು. ಲೈಂಗಿಕ ಕಿರುಕುಳ ಅಥವಾ ಹಣದ ದುರ್ಬಳಕೆಯ ದೂರಾದರೆ ಮಾತ್ರ ನೇರ ಆಂತರಿಕ ಸಮಿತಿಗೋ ಮಂಡಳಿಗೋ ತಲುಪಿಸಬೇಕು.

ಬಿಟ್ಟವರು ಮೂಲೆಗುಂಪಾಗುತ್ತಾರೆ ಎಂದೇನಿಲ್ಲ. ಅಹಮದಾಬಾದಿನಲ್ಲಿ 1972ರಲ್ಲಿ 'ಸೇವಾ' ಎಂಬ ಹೆಸರಿನ ದುಡಿಯುವ ಬಡ ಹೆಂಗಸರ ಸಂಘಟನೆಯನ್ನು ಕಟ್ಟಿದ ಇಳಾ ಭಟ್ 1996ರಲ್ಲಿ ಪ್ರಧಾನ ಕಾರ್ಯದರ್ಶಿ ಹುದ್ದೆ ಬಿಟ್ಟರು. 2022ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಾ, ಮಾತಾಡುತ್ತಾ ಇದ್ದರು. ಸಂಘಟನೆ ಬೇರೆಯವರ ಕೈಯಲ್ಲಿ ಬೆಳೆಯಿತು. ನಿಮ್ಮ ಸ್ಥಾಪಕರಿಗೂ ಒಂದು ಸ್ವಂತ ಕೆಲಸ ಬೇಕು. ಸಂಸ್ಥೆಯ ಇತಿಹಾಸ ಬರೆಯುವುದೋ, ಬೇರೆ ಜಿಲ್ಲೆಯ ಹೊಸ ಸಂಸ್ಥೆಗಳಿಗೆ ಕಲಿಸುವುದೋ, ಅವರಿಗೆ ಇಷ್ಟವಾದದ್ದು.

ಇಷ್ಟಕ್ಕೆಲ್ಲ ಸಮಯವೇ ಸಿಗದಿದ್ದರೆ

ಹೃದಯಾಘಾತಕ್ಕೆ ಮಾರ್ಚ್ 31 ಗೊತ್ತಿಲ್ಲ. ಅದಕ್ಕೇ ಸ್ಥಾಪಕರಿಗೆ ನಲವತ್ತೈದಾಗಿದ್ದರೂ ಒಂದು ತುರ್ತು ಹಾಳೆ ಇರಲಿ. ಮುಖ್ಯಸ್ಥರು ಇಲ್ಲದಾದರೆ ಮೂರು ತಿಂಗಳು ಯಾರು ನೋಡಿಕೊಳ್ಳುತ್ತಾರೆ, ಬ್ಯಾಂಕಿನಲ್ಲಿ ಎರಡನೇ ಮತ್ತು ಮೂರನೇ ಸಹಿ ಯಾರದ್ದು, ಮೂಲ ಡೀಡ್ ಮತ್ತು ಜಮೀನಿನ ಕಾಗದ ಯಾವ ಲಾಕರ್‌ನಲ್ಲಿದೆ, ಆಡಿಟರ್ ಮತ್ತು ವಕೀಲರ ನಂಬರ್, ಮುಂದಿನ ಸಂಬಳ ಯಾವ ಖಾತೆಯಿಂದ ಹೋಗಬೇಕು. ಒಂದೇ ಪುಟ. ಮಂಡಳಿಯ ಠರಾವಿನ ಜೊತೆ ಒಂದು ಪ್ರತಿ ಅಧ್ಯಕ್ಷರ ಮನೆಯಲ್ಲಿ, ಇನ್ನೊಂದು ಆಡಿಟರ್ ಹತ್ತಿರ. ಪ್ರತಿ ವರ್ಷ ಸರ್ವ ಸದಸ್ಯರ ಸಭೆಯ ದಿನ ತೆಗೆದು ನೋಡಿ, ಬದಲಾದ ಹೆಸರು ಮತ್ತು ನಂಬರ್ ತಿದ್ದಿ, ಹಳೇ ಪ್ರತಿ ಹರಿದು ಹಾಕಿ.